ಎಂಜಿನ್ ಕಟ್ಟೋ ಗೇಮ್: ಅಸಲಿತನ ಎಲ್ಲಿವರೆಗೆ, ಆಟ ಎಲ್ಲಿಂದ?

ಬೋರ್_ಸ್ಟ್ರೋಕ್:
ಮೊದಲೇ ಹೇಳಿಬಿಡ್ತೀನಿ, ಇದು ಯೂನಿಟಿನಾ ಗೊಡೋನಾ (ಗೇಮ್ ಮಾಡೋ ಸಾಫ್ಟ್‌ವೇರ್, ಅದಕ್ಕೂ ಎಂಜಿನ್ ಅಂತಾರೆ) ಅನ್ನೋ ಜಗಳ ಅಲ್ಲ. ಹೊಗೆ ಉಗುಳೋ ಎಂಜಿನ್ ವಿಷಯ. ನಾನು ಮಾಡ್ತಿರೋ ಗೇಮ್ ನಡೆಯೋದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಥರದ ಒಂದು ಗ್ಯಾರೇಜಲ್ಲಿ. ರಿಪೇರಿಗೆ ಬರೋದು ಮೂರು ಬಗೆ: ಹಳ್ಳದಿಂದ ತೋಟಕ್ಕೆ ನೀರೆತ್ತೋ ಒಂಟಿ ಸಿಲಿಂಡರ್ ಡೀಸೆಲ್ (ಬೋರ್, ಅಂದ್ರೆ ಸಿಲಿಂಡರಿನ ಅಗಲ, 87.5 ಮಿ.ಮೀ., ಸ್ಟ್ರೋಕ್, ಅಂದ್ರೆ ಪಿಸ್ಟನ್ ಓಡೋ ದೂರ, 110, ಲೆಕ್ಕಕ್ಕೆ 661 ಸಿಸಿ, 1500 ಆರ್‌ಪಿಎಂ), ಅಡಿಕೆಗೆ ಔಷಧಿ ಹೊಡೆಯೋ ಟೂ ಸ್ಟ್ರೋಕ್ ಸ್ಪ್ರೇಯರ್, ಮತ್ತೆ ನಾಲ್ಕು ಸಿಲಿಂಡರ್ ಪೆಟ್ರೋಲ್ ಜೀಪು. ಬಿಚ್ಚಬೇಕು, ಅಳೀಬೇಕು, ಸಾಮಾನು ಬದಲಿಸಬೇಕು, ಕಟ್ಟಿ ಓಡಿಸಬೇಕು.

ಮೂರು ಕಡೆ ಸಿಕ್ಕಿಕೊಂಡಿದೆ. ಜೀಪಿನ ಹೆಡ್‌ಗೆ (ಸಿಲಿಂಡರ್ ಮೇಲೆ ಮುಚ್ಚೋ ಭಾಗ) 10 ಬೋಲ್ಟು, ಮೂರು ಸುತ್ತು ಬಿಗಿ, ಒಟ್ಟು 30 ಸಲ ಮೌಸ್ ಒತ್ತಬೇಕು; ಆಡೋರು ಅಲ್ಲೇ ಎದ್ದು ಹೋಗ್ತಾರೆ. ಎರಡನೇದು, ಕಂಪ್ರೆಶನ್ (ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) ಮೇಲಕ್ಕೆ ಎಳೆದು ದೊಡ್ಡ ಕ್ಯಾಮ್ (ವಾಲ್ವ್ ತೆರೆಯೋ ದಂಡ) ಹಾಕಿದ್ರೆ ಎಲ್ಲ ಕೆಲಸಕ್ಕೂ ಅದೇ ಗೆಲ್ಲುತ್ತೆ, ಹಾಗಾಗಿ ಎಲ್ಲರ ಎಂಜಿನ್ನೂ ಒಂದೇ. ಮೂರನೇದು, ಎಂಜಿನ್ ಸೀಝ್ ಆದ್ರೆ, ಅಂದ್ರೆ ಒಳಗೇ ಹಿಡ್ಕೊಂಡು ನಿಂತ್ರೆ, "ಗೇಮ್ ಮೋಸ" ಅಂತಾರೆ. ಲೆಕ್ಕ ಸರಿ ಇದೆ, ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿ ನಡುವಿನ ಸಂದು) ಕಮ್ಮಿ ಇಟ್ಟಿದ್ದಕ್ಕೇ ಸೀಝ್ ಆಗಿರೋದು. ಫಿಸಿಕ್ಸ್ ಕಮ್ಮಿ ಮಾಡ್ಲಾ?

ತೀರ್ಥಳ್ಳಿ_ಟಾರ್ಕ್:
ಫಿಸಿಕ್ಸ್ ಮುಟ್ಟಬೇಡಿ. ನಿಮ್ಮ ಮೂರು ತೊಂದರೆಗೂ ಬೇರೆ ಬೇರೆ ಕಾರಣ ಇದೆ.

ಈಗಾಗಲೇ ಇರೋ ಆಟಗಳನ್ನ ನೋಡಿ. ಆಟೋಮೇಶನ್ ಅನ್ನೋ ಆಟದಲ್ಲಿ ಬೋಲ್ಟೇ ಇಲ್ಲ. ಬೋರ್, ಸ್ಟ್ರೋಕ್, ಕ್ಯಾಮ್, ಕಂಪ್ರೆಶನ್, ಇಗ್ನಿಶನ್ ಟೈಮಿಂಗ್ ಎಲ್ಲ ಸ್ಲೈಡರು. ಟಾರ್ಕ್ ಗ್ರಾಫ್ ನೋಡ್ತಾ ಕೂರೋದೇ ಮಜಾ. ಕಾರ್ ಮೆಕ್ಯಾನಿಕ್ ಸಿಮ್ಯುಲೇಟರ್‌ನಲ್ಲಿ ಬೋಲ್ಟ್ ಇದೆ, ಆದ್ರೆ ತಪ್ಪಾಗಿ ಬಿಗಿಯೋಕೆ ಆಗೋದೇ ಇಲ್ಲ. ಸಾಮಾನಿನ ಮೇಲೆ ಪರ್ಸೆಂಟ್ ಬರೆದಿರುತ್ತೆ, ಕಮ್ಮಿ ಇದ್ದದ್ದನ್ನ ಬದಲಿಸೋದು, ಅಷ್ಟೇ. ತಲೆ ತಣ್ಣಗಿಡೋ ಆಟ. ಮೈ ಸಮ್ಮರ್ ಕಾರ್ ಮೂರನೇ ದಾರಿ: ಒಂದೊಂದು ಬೋಲ್ಟ್‌ಗೂ ಸರಿಯಾದ ಸೈಜಿನ ಸ್ಪ್ಯಾನರ್ ಹುಡುಕಬೇಕು, ಮರೆತ ಬೋಲ್ಟು ರಸ್ತೆಗೆ ಹೋದಮೇಲೆ ತನ್ನ ಬುದ್ಧಿ ತೋರಿಸುತ್ತೆ. ಮೂರಕ್ಕೂ ಜನ ಇದಾರೆ. ನೀವು ಮೂರನ್ನೂ ಕಲಸಿ ಒಂದೇ ತಟ್ಟೆಗೆ ಬಡಿಸಿದ್ದೀರಿ: ಇಲ್ಲಿಂದ ಬೋಲ್ಟು, ಅಲ್ಲಿಂದ ಸ್ಲೈಡರು.

ಇನ್ನೊಂದು. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅನ್ನೋ ರಾಕೆಟ್ ಆಟದ ಗ್ರಹದ ತ್ರಿಜ್ಯ 600 ಕಿ.ಮೀ., ಅಂದ್ರೆ ಭೂಮಿಯ ಹತ್ತನೇ ಒಂದು ಭಾಗಕ್ಕೂ ಕಮ್ಮಿ. ಕಕ್ಷೆಗೆ ಸೆಕೆಂಡಿಗೆ 7.8 ಕಿ.ಮೀ. ಬೇಕಾದಲ್ಲಿ ಸುಮಾರು 2.3 ಸಾಕು. ರಾಕೆಟ್ ಹಾರೋ ನಿಯಮ ಹಾಗೇ ಇದೆ, ದೂರ ಮಾತ್ರ ಕುಗ್ಗಿಸಿದ್ದಾರೆ. ನಿಮಗೂ ಅದೇ ಸೂತ್ರ: ಕಾರಣ ಕುಗ್ಗಿಸಬೇಡಿ, ಹೊತ್ತು ಕುಗ್ಗಿಸಿ. ಹೊಸ ಲೈನರ್ (ಸಿಲಿಂಡರಿನ ಒಳಗೋಡೆ) ಹಾಕಿದ ಡೀಸೆಲ್‌ಗೆ 50 ಗಂಟೆ ಹದ ಓಡಿಸೋದನ್ನ 40 ಸೆಕೆಂಡಿನ ಗ್ರಾಫ್ ಮಾಡಿ. ಆದ್ರೆ ಆ 50 ಗಂಟೆ ಮುಗಿದಮೇಲೆ ಆಯಿಲ್ ಬದಲಿಸದೆ ಹೋದ್ರೆ ಏನಾಗುತ್ತೋ ಅದು ಹಾಗೇ ಇರಲಿ.

ಜೋಗದ_ಜಾರುಬಂಡೆ:
ಹಾಗಿದ್ರೆ ಬೋಲ್ಟ್ ಬಿಗಿಯೋದನ್ನೇ ಕಿತ್ತು ಹಾಕಿ ಮಾರಾಯ್ರೆ. ಕೈ ನೋಯೋಕೆ ಗೇಮ್ ಯಾಕೆ, ಗ್ಯಾರೇಜಿಗೇ ಹೋಗಬಹುದಲ್ಲ.

ಲೇತ್_ಮಿಸ್ತ್ರಿ:
ಕಿತ್ತು ಹಾಕಿದ್ರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತೆ ಬ್ಲಾಕ್ ನಡುವಿನ ತೆಳು ಹಾಳೆ) ಹೋಗೋದಕ್ಕೆ ಕಾರಣವೇ ಉಳಿಯಲ್ಲ. ಹೆಡ್ ಕೂರಿಸೋದ್ರಲ್ಲಿ ತಿಳೀಬೇಕಾದ್ದು ನಾಕೇ ವಿಷಯ, ಅದನ್ನ ಉಳಿಸಿಕೊಂಡು ಬಾಕಿ ಬಿಡಿ.

ಮೊದಲನೇದು ಕ್ರಮ. ನಡುವಿನ ಎರಡು ಬೋಲ್ಟ್‌ನಿಂದ ಶುರು ಮಾಡಿ ಅಡ್ಡಡ್ಡವಾಗಿ ಹೊರಕ್ಕೆ ಬರಬೇಕು. ಒಂದು ತುದಿಯಿಂದ ಸಾಲಾಗಿ ಬಿಗಿದ್ರೆ ಗ್ಯಾಸ್ಕೆಟ್ ಸಮ ಕೂರಲ್ಲ, ಹೆಡ್ ತಿರುಚುತ್ತೆ. ಎರಡನೇದು ಹಂತ: ಕೊನೆಗೆ 90 ನ್ಯೂಟನ್ ಮೀಟರ್ ಬೇಕಿದ್ರೆ 30, 60, 90. ಮೂರನೇದು ಥ್ರೆಡ್. ಬಿಗಿಯೋ ಬಲದಲ್ಲಿ ಬಹುಪಾಲು ಉಜ್ಜಾಟಕ್ಕೇ ಹೋಗುತ್ತೆ, ಬೋಲ್ಟ್ ಎಳೆದು ಹಿಡಿಯೋಕೆ ಸಿಗೋದು ಸುಮಾರು ಹತ್ತರಲ್ಲಿ ಒಂದು ಪಾಲು. ತುಕ್ಕು ಹಿಡಿದ ಥ್ರೆಡ್‌ನಲ್ಲಿ ರೆಂಚ್ 90 ತೋರಿಸಿದ್ರೂ ಹೆಡ್ ಸಡಿಲ. ಅದೇ ಎಣ್ಣೆ ಸುರಿದ್ರೆ 90ಕ್ಕೇ ಮಿತಿಮೀರಿ ಎಳೆದು ಬೋಲ್ಟ್ ಹಿಗ್ಗಿಹೋಗುತ್ತೆ. ನಾಲ್ಕನೇದು, ತಳ ಮುಚ್ಚಿದ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದಾಗ ಬೋಲ್ಟ್ ಇಳಿಸಿದ್ರೆ ಅದು ಹೋಗೋಕೆ ಜಾಗ ಇಲ್ಲ, ಬ್ಲಾಕೇ ಸೀಳುತ್ತೆ. ಊದಿ ಒಣಗಿಸಿ, ಟ್ಯಾಪ್ ಹೊಡೆದು ಥ್ರೆಡ್ ಸ್ವಚ್ಛ ಮಾಡಿ, ಆಮೇಲೆ ಬೋಲ್ಟು.

ಗೇಮಿನಲ್ಲಿ: ಆಡೋನು ಹೆಡ್ ಮೇಲೆ ಮೌಸ್‌ನಿಂದ ಒಂದೇ ಗೆರೆ ಎಳೆದು ಕ್ರಮ ತೋರಿಸಲಿ, ಹಂತ ಆರಿಸಲಿ. ಬಿಗಿಯೋದನ್ನ ಹೆಲ್ಪರ್ ಹುಡುಗ ಮಾಡ್ತಾನೆ. ಮೊದಲನೇ ಎಂಜಿನ್‌ಗೆ ಮಾತ್ರ ಸ್ವಂತ ಕೈ. ತೂತು ಒರೆಸದೆ ಮರೆತಿದ್ರೆ ಹುಡುಗ "ಅಣ್ಣ, ಇದ್ಯಾಕೋ ಬಿಗಿ ಬರ್ತಿದೆ" ಅನ್ನಲಿ. ಅಷ್ಟೇ, ಎಚ್ಚರಿಕೆಯ ಕೆಂಪು ಬೋರ್ಡ್ ಬೇಡ.

ಬೋರ್_ಸ್ಟ್ರೋಕ್:
ಒಂದು ಗೆರೆಯಲ್ಲಿ ಕ್ರಮ! 30 ಕ್ಲಿಕ್ ಇದ್ದದ್ದು ಒಂದಾಯ್ತು. ಹುಡುಗನ ಮಾತು ಇಟ್ಕೋತೀನಿ.

ಗಾಜನೂರು_ಗೇರ್:
ಎರಡನೇ ತೊಂದರೆಗೆ ಬರೋಣ. ಕಂಪ್ರೆಶನ್ ಒಂದು ಪಾಯಿಂಟ್ ಏರಿಸಿದ್ರೆ ನಿಮ್ಮ ಗೇಮ್ ಎಷ್ಟು ಪವರ್ ಕೊಡುತ್ತೆ?

ಬೋರ್_ಸ್ಟ್ರೋಕ್:
10 ಪರ್ಸೆಂಟ್.

ಗಾಜನೂರು_ಗೇರ್:
ಅಲ್ಲೇ ಇದೆ ಹುಳ. ಆಟ ಕೆಟ್ಟಿದ್ದು ಅಸಲಿತನ ಹೆಚ್ಚಾಗಿ ಅಲ್ಲ, ಕಮ್ಮಿಯಾಗಿ. ಪೆಟ್ರೋಲ್ ಎಂಜಿನ್ನಿನ ಆದರ್ಶ ದಕ್ಷತೆ ಅಂದ್ರೆ ಒಂದರಿಂದ, ಕಂಪ್ರೆಶನ್ನಿನ 0.4ನೇ ಘಾತದ ವಿಲೋಮ ಕಳೆದದ್ದು. 8ಕ್ಕೆ 56.5 ಪರ್ಸೆಂಟ್, 9ಕ್ಕೆ 58.5, 10ಕ್ಕೆ 60.2, 12ಕ್ಕೆ 63. ನಿಜವಾದ ಎಂಜಿನ್‌ನಲ್ಲಿ ಸಿಗೋದು ಇದರ ಅರ್ಧದ ಆಸುಪಾಸು, ಆದ್ರೆ ಏರಿಕೆಯ ಲೆಕ್ಕ ಹೆಚ್ಚು ಕಮ್ಮಿ ಇದೇ. 9ರಿಂದ 10ಕ್ಕೆ ಹೋದ್ರೆ ಲಾಭ 3 ಪರ್ಸೆಂಟ್, ಅಷ್ಟೇ! ಅಷ್ಟಕ್ಕೆ 91 ಆಕ್ಟೇನ್ ಪೆಟ್ರೋಲ್‌ನಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಬಡಿಯೋದು) ಶುರುವಾಗುತ್ತೆ, ಅದನ್ನ ತಡೆಯೋಕೆ ಕಿಡಿ ಹಾರೋ ಟೈಮಿಂಗ್ ಹಿಂದಕ್ಕೆ ಸರಿಸಬೇಕು, ಸರಿಸಿದಾಗ ಆ 3 ಪರ್ಸೆಂಟೂ ಹೋಗುತ್ತೆ. ಸೂತ್ರ ಸರಿ ಹಾಕಿ ನೋಡಿ, ಯಾರೂ ಸುಮ್ಮನೆ ಸ್ಲೈಡರ್ ಎಳೆಯಲ್ಲ.

ಕ್ಯಾಮ್ ಕೂಡ ಹಾಗೇ. ದೊಡ್ಡ ಕ್ಯಾಮ್ ಗಾಳಿ ತುಂಬೋ ಶಿಖರವನ್ನ ಮೇಲಿನ ಆರ್‌ಪಿಎಂಗೆ ಒಯ್ಯುತ್ತೆ, ಕೆಳಗೆ ಖಾಲಿ. 4500ರಲ್ಲಿ ಕುಣಿಯೋ ಜೀಪು ತಿರುವಿನಲ್ಲಿ ಸೆಕೆಂಡ್ ಗೇರಿಗೆ 1200ಕ್ಕೆ ಬಿದ್ದಾಗ ಉಸಿರು ಬಿಡುತ್ತೆ. ರೇಸ್ ಟ್ರ್ಯಾಕ್ ಇಟ್ಟು ಪವರ್ ಅಳೆದ್ರೆ ಪವರೇ ಗೆಲ್ಲೋದು. ಕೆಲಸ ಇಟ್ಟು ಅಳೀರಿ.

ತೀರ್ಥಳ್ಳಿ_ಟಾರ್ಕ್:
ಕೆಲಸ ಅಂದ್ರೆ ಬರೀ ಹೆಸರಲ್ಲ, ಸಂಖ್ಯೆ ಬೇಕು. ಪಂಪ್‌ಸೆಟ್‌ನ ಉದಾಹರಣೆ: ಸೆಕೆಂಡಿಗೆ 10 ಲೀಟರ್ ನೀರು, 25 ಮೀಟರ್ ಎತ್ತರ. ನೀರಿಗೆ ಸೇರಬೇಕಾದ್ದು 10 × 25 × 9.81 ÷ 1000, ಅಂದ್ರೆ 2.45 ಕಿಲೋವ್ಯಾಟ್. ಪಂಪಿನ ದಕ್ಷತೆ 55 ಪರ್ಸೆಂಟ್ ಹಿಡಿದ್ರೆ ಎಂಜಿನ್ ಕೊಡಬೇಕಾದ್ದು ಸುಮಾರು 4.5. ಆ 661 ಸಿಸಿ ಡೀಸೆಲ್ 5.2 ಕಿಲೋವ್ಯಾಟ್‌ನದು, ಸರಿಹೋಗುತ್ತೆ. ಆಟಗಾರ ಪೈಪಿನ ಸೈಜ್ ಕಮ್ಮಿ ಮಾಡಿದ್ರೆ ಪೈಪ್ ಒಳಗಿನ ಎಳೆತಕ್ಕೆ ಇನ್ನೂ 5 ಮೀಟರ್ ಎತ್ತರ ಕೂಡಿಸಿದ ಹಾಗೆ, 5.4 ಆಯ್ತು, ಗವರ್ನರ್ (ಡೀಸೆಲ್ ಎಷ್ಟು ಬಿಡಬೇಕು ಅಂತ ನೋಡಿಕೊಳ್ಳೋ ಭಾಗ) ಪೂರ್ತಿ ತೆರೆದು ಕಪ್ಪು ಹೊಗೆ. ತಪ್ಪು ಎಂಜಿನ್‌ನದಲ್ಲ, ಪೈಪಿನದು. ಇಂಥದ್ದು ಮೂರು ಸಿಕ್ಕಿದ್ರೆ ಆಟಗಾರನೇ ಲೆಕ್ಕದ ಪುಸ್ತಕ ತೆಗೀತಾನೆ.

ಸ್ಪ್ರೇಯರ್‌ಗೆ ಬೇರೆ ಬಗೆಯ ಒತ್ತಡ: ದಿನ. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋದು ಮಳೆ ಹಿಡಿಯೋ ಮುಂಚೆ ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ. ಒಂದು ವಾರದಲ್ಲಿ ಹತ್ತು ಸ್ಪ್ರೇಯರ್ ಬಾಗಿಲಿಗೆ ಬರಲಿ, ಎಲ್ಲ "ಇವತ್ತೇ ಬೇಕು". ಯಾವುದನ್ನ ಪೂರ್ತಿ ಬಿಚ್ಚೋದು, ಯಾವುದಕ್ಕೆ ಪ್ಲಗ್ ಒರೆಸಿ ಕೊಡೋದು ಅನ್ನೋದೇ ಆಟ. ಪೆಟ್ರೋಲ್‌ಗೆ ಎಣ್ಣೆ ಬೆರಕೆಯೂ ಸೇರಿಸಿ: 1:25 ಅಂದ್ರೆ ಲೀಟರಿಗೆ 40 ಮಿ.ಲೀ., 1:50 ಅಂದ್ರೆ 20. ಕಮ್ಮಿ ಹಾಕಿದ್ರೆ ಪಿಸ್ಟನ್ ಹಿಡಿಯುತ್ತೆ, ಹೆಚ್ಚಾದ್ರೆ ಪ್ಲಗ್ ಕರಿ ಕಟ್ಟಿ ಸೈಲೆನ್ಸರ್ ಮುಚ್ಚುತ್ತೆ.

ಜೋಗದ_ಜಾರುಬಂಡೆ:
ಬೋರ್ಡೋ ಕಲಸೋದೂ ಇಡಿ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಶೋಧಿಸದೆ ಹೊಡೆದ್ರೆ ನಾಝಲ್ ಕಟ್ಟುತ್ತೆ, ಬೈಗುಳ ಮಾತ್ರ ಮೆಕ್ಯಾನಿಕ್‌ಗೆ.

ಗಾಜನೂರು_ಗೇರ್:
ಒಂದು ಬಿಟ್ಟಿದ್ದೀರಿ. ಎತ್ತರ ಮತ್ತೆ ತೇವ. ಆಗುಂಬೆ 600 ಮೀಟರ್ ದಾಟಿದೆ, ಮುಳ್ಳಯ್ಯನಗಿರಿ 1930 ಮೀಟರ್. ಗಾಳಿ ತೆಳುವಾದಂತೆ ಪವರ್ ಕಮ್ಮಿಯಾಗಲೇಬೇಕು. ಮಳೆಗಾಲದ ತೇವವೂ ಲೆಕ್ಕಕ್ಕೆ ಬರಲೇಬೇಕು.

ತೀರ್ಥಳ್ಳಿ_ಟಾರ್ಕ್:
ಲೆಕ್ಕ ಹಾಕಿ ನೋಡಿ ಆಮೇಲೆ ಹೇಳಿ. 1000 ಮೀಟರಿಗೆ ಸುಮಾರು 10 ಪರ್ಸೆಂಟ್ ಗಾಳಿ ಕಮ್ಮಿ. ಆಗುಂಬೆಗೆ 6, ಮುಳ್ಳಯ್ಯನಗಿರಿಗೆ 17. 17 ಆದ್ರೆ ಆಡೋನಿಗೆ ಕಾಲಿಗೆ ತಾಗುತ್ತೆ, ಇಡಿ. 6 ಯಾರಿಗೂ ತಿಳಿಯಲ್ಲ. ತೇವ ಅಂತೂ 25 ಡಿಗ್ರಿಯಲ್ಲಿ ಗಾಳಿ ಪೂರ್ತಿ ನೀರು ಹಿಡಿದಿದ್ರೂ 3 ಪರ್ಸೆಂಟ್. ಅದಕ್ಕೆ ಕೋಡ್ ಬರೆಯೋದು ದಂಡ. ಮಳೆ ಬೇಕು ಅಂದ್ರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಬ್ಬಿಯ ಮುಚ್ಚಳ) ಒಳಗೆ ನೀರು ಹನಿಸಿ: ಎಂಜಿನ್ ಮಿಸ್ ಹೊಡೆಯುತ್ತೆ, ಕ್ಯಾಪ್ ತೆಗೆದು ಬಟ್ಟೆಯಲ್ಲಿ ಒರೆಸಿದ್ರೆ ಸರಿಹೋಗುತ್ತೆ. ಕಣ್ಣಿಗೆ ಕಾಣುತ್ತೆ, ಕೈಯಲ್ಲಿ ಸರಿಪಡಿಸಬಹುದು. ಕಾಣದ, ಸರಿಪಡಿಸಲಾಗದ ಅಸಲಿತನ ಪ್ರೊಸೆಸರ್‌ಗೆ ಬಿಸಿ, ಅಷ್ಟೇ.

ಗಾಜನೂರು_ಗೇರ್:
ತೇವ ಬಿಟ್ಟೆ. ಎತ್ತರ ಬಿಡಲ್ಲ. 🙂

ಹಾಗೇ ಘಾಟಿಯ ಬಿಸಿಗೂ ಸರಿ ಲೆಕ್ಕ ಹಾಕಿ, ಇದು ನಿಮ್ಮ ಗೇಮ್‌ನ ಅತಿ ಒಳ್ಳೇ ಪರೀಕ್ಷೆ ಆಗಬಹುದು. 1500 ಕೆ.ಜಿ. ಜೀಪು ಸೋಮೇಶ್ವರದಿಂದ ಆಗುಂಬೆಗೆ ಹತ್ತುತ್ತೆ, ಹೇರ್‌ಪಿನ್ ತಿರುವು 14. ಏರು 12ಕ್ಕೆ 1, ವೇಗ ಗಂಟೆಗೆ 20 ಕಿ.ಮೀ. ಅಂತಿಟ್ಟುಕೊಳ್ಳಿ. ಏರಿಗೆ 1226 ನ್ಯೂಟನ್, ಟೈರ್ ಉರುಳೋದಕ್ಕೆ 220, ಒಟ್ಟು ಚಕ್ರಕ್ಕೆ ಬೇಕಾದ್ದು 8 ಕಿಲೋವ್ಯಾಟ್ ಮಾತ್ರ. ಅಂದ್ರೆ ಘಾಟಿ ಹತ್ತೋಕೆ ಪವರ್ ದೊಡ್ಡ ವಿಷಯವೇ ಅಲ್ಲ, ಬಿಸಿ ವಿಷಯ. ಚಕ್ರಕ್ಕೆ ಹೋದಷ್ಟೇ ಶಾಖ ಸುಮಾರಾಗಿ ನೀರಿಗೂ ಹೋಗುತ್ತೆ, 8 ಕಿಲೋವ್ಯಾಟ್. 100 ಕೆ.ಜಿ. ಕಬ್ಬಿಣ, 8 ಲೀಟರ್ ನೀರು ಸೇರಿ ಒಂದು ಡಿಗ್ರಿ ಏರೋಕೆ 80 ಕಿಲೋಜೂಲ್ ಬೇಕು. ಫ್ಯಾನ್ ಬೆಲ್ಟ್ ಹರಿದು ರೇಡಿಯೇಟರ್‌ಗೆ ಗಾಳಿಯೇ ಇಲ್ಲ ಅಂದ್ರೆ ನಿಮಿಷಕ್ಕೆ 6 ಡಿಗ್ರಿ ಏರುತ್ತೆ.

ಈಗ ರೇಡಿಯೇಟರ್ ಕ್ಯಾಪ್ ನೋಡಿ. 0.9 ಬಾರ್ ಒತ್ತಡ ಹಿಡಿಯೋ ಕ್ಯಾಪ್ ಚೆನ್ನಾಗಿದ್ರೆ ನೀರು ಕುದಿಯೋದು 118ರ ಹತ್ತಿರ. 82ರಿಂದ ಹೊರಟ್ರೆ 6 ನಿಮಿಷ, 2 ಕಿ.ಮೀ. ಸಿಗುತ್ತೆ. ಕ್ಯಾಪಿನ ರಬ್ಬರ್ ಒಣಗಿ ಒತ್ತಡ ಸೋರಿದ್ರೆ 100ಕ್ಕೇ ಕುದಿ, 3 ನಿಮಿಷ, ಒಂದೇ ಕಿ.ಮೀ. ಅಂಗೈ ಅಗಲದ ಸಾಮಾನು, ಸಿಗೋ ದೂರದಲ್ಲಿ ಅರ್ಧ ನುಂಗುತ್ತೆ. ಆಟಗಾರ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಪೂರಾ ಬಿಚ್ಚಿ ಕೂತಿರ್ತಾನೆ.

ಲೇತ್_ಮಿಸ್ತ್ರಿ:
ಕ್ಯಾಪ್ ಸೇರಿಸೋದಾದ್ರೆ ಬಿಸಿ ಇದ್ದಾಗ ತೆಗೆದ್ರೆ ಮೈ ಮೇಲೆ ಚಿಮ್ಮೋದೂ ಇರಲಿ. ಒತ್ತಡ ಬಿಟ್ಟ ಗಳಿಗೆಗೇ ಒಳಗಿನ ನೀರೆಲ್ಲ ಕುದಿಯುತ್ತೆ. ಬರೀ ಅಸಲಿತನ ಅಲ್ಲ, ಹುಡುಗರಿಗೆ ಇದು ಗೊತ್ತಿರಬೇಕು.

ಬೋರ್_ಸ್ಟ್ರೋಕ್:
ಇದನ್ನೆಲ್ಲ ಪ್ರತಿ ಫ್ರೇಮ್‌ಗೂ (ಪರದೆಗೆ ಬರೋ ಒಂದೊಂದು ಚಿತ್ರಕ್ಕೂ) ಲೆಕ್ಕ ಹಾಕಿದ್ರೆ ಹಳೇ ಲ್ಯಾಪ್‌ಟಾಪ್ ಸಾಯುತ್ತೆ. ಸಿಲಿಂಡರ್ ಒತ್ತಡವನ್ನೂ ಫ್ರೇಮಿಗೊಂದು ಸಲ ತೆಗೀತಿದ್ದೆ, ಗ್ರಾಫ್ ಹುಚ್ಚು ಹಿಡಿದ ಹಾಗೆ ಕುಣಿಯುತ್ತೆ.

ಸಾಗರದ_ಸೈಲೆನ್ಸರ್:
ಕುಣಿಯದೆ ಏನ್ಮಾಡುತ್ತೆ. 4000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 66.7 ಸುತ್ತು, ಗೇಮಿನ ಫ್ರೇಮ್ ಸೆಕೆಂಡಿಗೆ 60. ಒಂದು ಫ್ರೇಮ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ದಂಡ) ಒಂದು ಸುತ್ತು ದಾಟಿ ಹೋಗಿರುತ್ತೆ. ನೀವು ಹಿಡಿದದ್ದು ಯಾವ ಕ್ಷಣದ ಒತ್ತಡ ಅನ್ನೋದು ಲಾಟರಿ. ಎಂಜಿನ್ ಸಿಮ್ಯುಲೇಟರ್ ಅಂತ ಒಂದಿದೆ, 2022ರದ್ದು, ಸಿಲಿಂಡರ್ ಒಳಗಿನ ಗಾಳಿಯ ಹರಿವಿನಿಂದಲೇ ಶಬ್ದ ಹುಟ್ಟಿಸುತ್ತೆ. ಅದಕ್ಕೆ ಸೆಕೆಂಡಿಗೆ ಸಾವಿರಾರು ಹೆಜ್ಜೆ ಬೇಕು. ಆದ್ರೆ ಅದು ಮಾಡೋ ಮುಖ್ಯ ಕೆಲಸವೇ ಅದೊಂದು.

ನಿಮಗೆ ಅಷ್ಟು ಬೇಡ. ಎಂಜಿನ್ ಕಟ್ಟಿ ಮುಗಿದ ಕೂಡಲೇ ಒಂದು ಕೋಷ್ಟಕ ಮಾಡಿಡಿ: 500 ಆರ್‌ಪಿಎಂಗೆ ಒಂದು ಸಾಲು, ಆಕ್ಸಿಲರೇಟರ್‌ನ 10 ಪರ್ಸೆಂಟಿಗೆ ಒಂದು ಕಂಬ, ಒಳಗೆ ಟಾರ್ಕ್. ಓಡುವಾಗ ಕೋಷ್ಟಕ ನೋಡಿ ನಡುವಿನ ಬೆಲೆ ತೆಗೀರಿ. ಬಿಸಿಯ ಲೆಕ್ಕಕ್ಕೆ ಸೆಕೆಂಡಿಗೆ 10 ಸಲ ಧಾರಾಳ.

ಉಳಿದ ಶಕ್ತಿ ಶಬ್ದಕ್ಕೆ ಸುರೀರಿ. ನಾಲ್ಕು ಸಿಲಿಂಡರ್ 3000ರಲ್ಲಿ ಸೆಕೆಂಡಿಗೆ 100 ಸಲ ಹೊಡೆಯುತ್ತೆ, ಅದು ಗುಂಯ್ ಅನ್ನೋ ಒಂದೇ ಸ್ವರ. ಪಂಪ್‌ಸೆಟ್ 1500ರಲ್ಲಿ 12.5 ಸಲ, ಡಗ್ ಡಗ್ ಅಂತ ಎಣಿಸಬಹುದು. ಟ್ಯಾಪೆಟ್ (ಕ್ಯಾಮ್ ಮತ್ತೆ ವಾಲ್ವ್ ನಡುವಿನ ಭಾಗ) ಸಡಿಲ ಇದ್ರೆ ಟಿಕ್ ಟಿಕ್ ಕೇಳೋದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಯಾಕಂದ್ರೆ ಕ್ಯಾಮ್ ಸುತ್ತೋದೇ ಅರ್ಧ. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡು ಕ್ರ್ಯಾಂಕ್ ಹಿಡಿಯೋ ಕಡೆಯದು) ಹೋದ್ರೆ ದಪ್ಪ ಬಡಿತ, ಲೋಡ್ ಬಿದ್ದಾಗ ಜೋರು. ಆ ಸಿಲಿಂಡರಿನ ಪ್ಲಗ್ ವೈರ್ ಕಿತ್ತರೆ ಬಡಿತ ಇಳಿಯುತ್ತೆ. ಈ ಪ್ಲಗ್ ಕೀಳೋದನ್ನ ಗೇಮಿನಲ್ಲಿ ಇಟ್ಟರೆ ಪರ್ಸೆಂಟ್ ಬರೆಯೋ ಅಗತ್ಯವೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಕಿವಿಗೊಟ್ಟು ಹುಡುಕ್ತಾರೆ.

ಬೋರ್_ಸ್ಟ್ರೋಕ್:
ಮೂರನೇದು ಉಳೀತು. ಸೀಝ್ ಆದಾಗ "ಮೋಸ" ಅನ್ನೋದು.

ಲೇತ್_ಮಿಸ್ತ್ರಿ:
ಮೋಸ ಅಂತಾರೆ ಯಾಕಂದ್ರೆ ನಿಮ್ಮ ಎಂಜಿನ್ ಸತ್ತ ಮೇಲೆ ಮಾತಾಡಲ್ಲ. ನಿಜವಾದ ಎಂಜಿನ್ ಬಿಚ್ಚಿದ್ರೆ ಹೇಳುತ್ತೆ.

ರಿಂಗ್ ಗ್ಯಾಪಿನ ಲೆಕ್ಕ ತಗೊಳ್ಳಿ. ಬೋರಿನ ಪ್ರತಿ 25 ಮಿ.ಮೀ.ಗೆ 0.1 ಮಿ.ಮೀ. ಗ್ಯಾಪ್ ಅಂತ ಸುಮಾರು ಲೆಕ್ಕ. 87.5ಕ್ಕೆ 0.35. ಯಾಕೆ? ರಿಂಗಿನ ಸುತ್ತಳತೆ 275 ಮಿ.ಮೀ. ಲೈನರ್‌ಗಿಂತ ರಿಂಗ್ 100 ಡಿಗ್ರಿ ಹೆಚ್ಚು ಬಿಸಿಯಾದ್ರೆ ಬೀಡು ಕಬ್ಬಿಣ 0.30 ಮಿ.ಮೀ. ಉದ್ದ ಬೆಳೆಯುತ್ತೆ. 0.35 ಇದ್ದದ್ದು 0.05ಕ್ಕೆ ಬಂತು, ಬಚಾವ್. 0.15 ಇಟ್ಟಿದ್ರೆ ಎರಡು ತುದಿ ಡಿಕ್ಕಿ ಹೊಡೆದು, ರಿಂಗ್ ಹೊರಕ್ಕೆ ಒತ್ತಿ ಲೈನರ್ ಗೀರುತ್ತೆ, ಆಮೇಲೆ ಹಿಡ್ಕೊಳ್ಳುತ್ತೆ. ಅದೇ 0.60 ಇಟ್ಟಿದ್ರೆ? ಸ್ವಲ್ಪ ಗ್ಯಾಸ್ ಕೆಳಗೆ ಸೋರುತ್ತೆ, ಆಯಿಲ್ ಬೇಗ ಕಪ್ಪಾಗುತ್ತೆ, ಎಂಜಿನ್ ಓಡುತ್ತೆ. ಒಂದು ಕಡೆ ತಪ್ಪಿದ್ರೆ ಸಾವು, ಇನ್ನೊಂದು ಕಡೆ ಕೆಮ್ಮು. ನಿಮ್ಮ ಗೇಮಿನಲ್ಲಿ ಎರಡೂ ಕಡೆ ಒಂದೇ ಶಿಕ್ಷೆ ಇದ್ರೆ ಅದು ತಪ್ಪು.

ಅಳೆಯೋದೂ ಸರಿಯಾಗಿ ತೋರಿಸಿ: ರಿಂಗ್ ಒಂದನ್ನೇ ಬೋರ್ ಒಳಗಿಟ್ಟು, ಪಿಸ್ಟನ್ ತಲೆಯಿಂದ ಒತ್ತಿ ನೇರ ಮಾಡಿ, ಫೀಲರ್ ಗೇಜ್ ತೂರಿಸೋದು. ಸವೆದ ಬೋರ್‌ನಲ್ಲಿ ಮೇಲ್ಗಡೆ ಅಳೆದ್ರೆ ಹೆಚ್ಚು, ಕೆಳಗಡೆ ಕಮ್ಮಿ ಬರುತ್ತೆ. ಕಮ್ಮಿ ಬರೋ ಕಡೆ ಅಳೀಬೇಕು. ಆಮೇಲೆ ಮೂರು ರಿಂಗಿನ ಬಾಯಿ ಒಂದೇ ಸಾಲಿಗೆ ಬರದ ಹಾಗೆ 120 ಡಿಗ್ರಿ ತಿರುಗಿಸಿಡೋದು.

ಸೀಝ್ ಆದಮೇಲೆ ಬಿಚ್ಚಿದಾಗ ಎರಡು ಗುರುತು ಚಿತ್ರ ಬರೀರಿ. ರಿಂಗ್ ತುದಿ ಕನ್ನಡಿ ಥರ ಹೊಳೀತಿರಬೇಕು, ಒಂದಕ್ಕೊಂದು ಉಜ್ಜಿದ್ದಕ್ಕೆ. ಲೈನರ್‌ನಲ್ಲಿ ಮೇಲಿಂದ ಕೆಳಕ್ಕೆ ಉದ್ದ ಗೀರು. ಆಯಿಲ್ ಇಲ್ಲದೆ ಸೀಝ್ ಆಗಿದ್ರೆ ರಿಂಗ್ ತುದಿ ಹೊಳೆಯಲ್ಲ, ಬೇರಿಂಗ್ ನೀಲಿ ತಿರುಗಿರುತ್ತೆ. ಎರಡು ಬೇರೆ ಸಾವು, ಎರಡು ಬೇರೆ ಹೆಣ. ನೋಡಿದವನು "ಓ, ನಂದೇ ತಪ್ಪು" ಅಂತಾನೆ.

ತೀರ್ಥಳ್ಳಿ_ಟಾರ್ಕ್:
ಮಿಸ್ತ್ರಿಗಳೇ, ಬಿಚ್ಚದೆ ತಿಳಿಯೋದೂ ಒಂದು ಹೇಳಿ. ಗೇಮಿಗೆ ಅದೇ ಜೀವ.

ಲೇತ್_ಮಿಸ್ತ್ರಿ:
ಕಂಪ್ರೆಶನ್ ಗೇಜ್ ಸಾಕು. ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ. ಪೆಟ್ರೋಲ್ ಎಂಜಿನ್‌ಗೆ 150 ಪಿಎಸ್ಐ ಆಸುಪಾಸು ಅಂತಿಟ್ಟುಕೊಳ್ಳಿ. ಒಟ್ಟು ಎಷ್ಟು ಅನ್ನೋದಕ್ಕಿಂತ ನಾಲ್ಕಕ್ಕೂ ಒಂದೇ ಇದೆಯಾ ಅನ್ನೋದು ಮುಖ್ಯ. 150, 148, 90, 151 ಬಂತು ಅಂದ್ರೆ ಮೂರನೇದರ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೀರಿ. 130ಕ್ಕೆ ಏರಿದ್ರೆ ರಿಂಗು ಸವೆದಿದೆ, ಆಯಿಲ್ ಸಂದು ಮುಚ್ಚಿದ್ದಕ್ಕೆ ಏರಿತು. 90ರಲ್ಲೇ ನಿಂತ್ರೆ ವಾಲ್ವು. 150, 85, 85, 150 ಥರ ಅಕ್ಕಪಕ್ಕದ ಎರಡೂ ಬಿದ್ದಿದ್ರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಡಿಪ್ ಸ್ಟಿಕ್ ಎಳೆದು ನೋಡಿ: ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರೂ ಸೇರಿದೆ.

ಜೋಗದ_ಜಾರುಬಂಡೆ:
ಈ ನಾಲ್ಕು ಸಂಖ್ಯೆ ನೋಡಿ ಉತ್ತರ ಹೇಳೋದೇ ಒಂದು ಗೇಮು. ಬೋಲ್ಟ್ ಬಗ್ಗೆ ಹೇಳಿದ ಮಾತು ವಾಪಸ್.

ಸಾಗರದ_ಸೈಲೆನ್ಸರ್:
ಅದೃಷ್ಟದ ದಾಳ ಮಾತ್ರ ಹಾಕಬೇಡಿ. "5 ಪರ್ಸೆಂಟ್ ಸಾಧ್ಯತೆಯಲ್ಲಿ ಪಿಸ್ಟನ್ ಒಡೆಯುತ್ತೆ" ಅಂದ್ರೆ ಯಾರೂ ಏನೂ ಕಲಿಯಲ್ಲ. ಏರುಪೇರು ಬೇಕಿದ್ರೆ ಸಾಮಾನಿನ ಅಳತೆಯಲ್ಲಿ ಇಡಿ: ಕ್ರ್ಯಾಂಕ್ ಜರ್ನಲ್ (ಬೇರಿಂಗ್ ಕೂರೋ ಭಾಗ) 50.00 ಮಿ.ಮೀ. ಇರಬೇಕಾದ್ದು 49.93 ಬರಲಿ. ಮೈಕ್ರೋಮೀಟರ್ ಹಿಡಿದವನಿಗೆ ಗೊತ್ತಾಗುತ್ತೆ, ಗ್ರೈಂಡಿಂಗ್‌ಗೆ ಕೊಟ್ಟು 0.25 ಅಂಡರ್‌ಸೈಜ್ ಬೇರಿಂಗ್ ತರ್ತಾನೆ. ಅಳೆಯದವನು ಹಾಗೇ ಹಾಕ್ತಾನೆ, ಆಯಿಲ್ ಪ್ರೆಶರ್ ಬಿಸಿಯಲ್ಲಿ ಇಳಿಯುತ್ತೆ, ಒಂದು ತಿಂಗಳಿಗೆ ಬಡಿತ.

ಗಾಜನೂರು_ಗೇರ್:
ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆಯೂ ಒಂದು ಕೆಲಸ ಇಡಬಹುದು. 20 ಪರ್ಸೆಂಟ್ ಬೆರೆತಾಗ ಗಾಳಿ-ಪೆಟ್ರೋಲ್ ಪ್ರಮಾಣ 14.7ರಿಂದ 13.5ರ ಹತ್ತಿರಕ್ಕೆ ಬರುತ್ತೆ, ಹಳೇ ಕಾರ್ಬೊರೇಟರ್‌ಗೆ ಅದು ಗೊತ್ತಿಲ್ಲ. ಜೆಟ್ (ಪೆಟ್ರೋಲ್ ಬಿಡೋ ಸಣ್ಣ ತೂತು) ದೊಡ್ಡದು ಮಾಡದೆ ಬಿಟ್ರೆ ತೆಳ್ಳಗೆ ಉರಿದು ಬಿಸಿಯಾಗುತ್ತೆ. ಮಳೆಗಾಲ ಪೂರ್ತಿ ಟ್ಯಾಂಕಲ್ಲಿ ನಿಂತ್ರೆ ನೀರು ಎಳೆದುಕೊಂಡು ತಳದಲ್ಲಿ ಬೇರೆಯಾಗುತ್ತೆ.

ಬೋರ್_ಸ್ಟ್ರೋಕ್:
ಮುಂದಿನ ಬಿಲ್ಡ್‌ಗೆ ಹಾಕಿಕೊಂಡದ್ದು: ಕಂಪ್ರೆಶನ್ ಸೂತ್ರ ಸರಿ ಮಾಡೋದು, ಹೆಡ್‌ಗೆ ಒಂದೇ ಗೆರೆ, ಹೆಲ್ಪರ್ ಹುಡುಗ, ಟಾರ್ಕ್ ಕೋಷ್ಟಕ, ರಿಂಗ್ ತುದಿಯ ಹೊಳಪು, ಕಂಪ್ರೆಶನ್ ಗೇಜ್. ಪರ್ಸೆಂಟ್ ಪಟ್ಟಿ ಕಿತ್ತು ಹಾಕಿದೆ. ಎಥನಾಲ್ ಆಮೇಲೆ. ಒಂದು ಪ್ರಶ್ನೆ: ಘಾಟಿಯಲ್ಲಿ ಕುದಿ ಬಂದಮೇಲೆ ಆಟಗಾರ ಎಷ್ಟು ಹೊತ್ತು ಕಾಯಬೇಕು? ನಿಜದಲ್ಲಿ ಅರ್ಧ ಗಂಟೆ.

ಲೇತ್_ಮಿಸ್ತ್ರಿ:
ಹತ್ತು ಸೆಕೆಂಡಿಗೆ ಇಳಿಸಿ. ಆದ್ರೆ ಆ ಹತ್ತು ಸೆಕೆಂಡಿನ ಒಳಗೆ ಕಾಯ್ದ ಬ್ಲಾಕಿಗೆ ತಣ್ಣೀರು ಸುರಿದ್ರೆ ಹೆಡ್ ಸೀಳಬೇಕು. ಎಂಜಿನ್ ಚಾಲೂ ಇಟ್ಟು ಬಿಸಿನೀರು ಸ್ವಲ್ಪ ಸ್ವಲ್ಪ ಹಾಕಿದವನು ಮುಂದೆ ಹೋಗಲಿ.